ಮಾಡಿದ್ದು, ಮಾಡಿಸಿದ್ದು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ನಮ್ಮ ಹಿರಿಯರು ಯಾವ ವಾಣಿಜ್ಯ ವಿದ್ಯಾಲಯದಲ್ಲಿಯೂ ಕಲಿತವರಲ್ಲ. ಆದರೂ ಇಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳು ಬೋಧಿಸುತ್ತಿರುವ ಶಾಸ್ತ್ರದ ತಿರುಳು ಆ ಆರು ಮಾತುಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಮದುವೆಗೆ ಮುಹೂರ್ತವುಂಟು, ಅದು ಯಾರಿಗಾಗಿಯೂ ಕಾಯದು. ಮನೆಗೆ ಅಂಥ ಕಟ್ಟಿಲ್ಲ. ಆದರೆ ತಳಪಾಯ ತೋಡಿದ ದಿನ ಕೈಯಲ್ಲಿದ್ದ ಹಣ ಗೋಡೆಯು ಕಿಟಕಿಯ ಮಟ್ಟಕ್ಕೆ ಬರುವಷ್ಟರಲ್ಲಿ ಕರಗಿರುತ್ತದೆ. ಎರಡರಲ್ಲಿಯೂ ನಡುವೆ ಬಂದು “ಇದೊಂದನ್ನೂ ಸೇರಿಸಿಬಿಡಿ” ಎನ್ನುವ ಬಂಧುಗಳಿಗೆ ಕೊರತೆಯಿಲ್ಲ. ಕಾಲ, ಹಣ, ಕೆಲಸದ ವ್ಯಾಪ್ತಿ—ಈ ಮೂರರಲ್ಲಿ ಒಂದನ್ನು ಎಳೆದರೆ ಉಳಿದೆರಡೂ ಕದಲುತ್ತವೆ ಎಂಬುದೇ ಆ ಶಾಸ್ತ್ರದ ಮೊದಲ ಪಾಠ.

ಈ ಶಾಸ್ತ್ರವನ್ನು ಬದುಕಿನ ವೃತ್ತಿಯಾಗಿ ಆರಿಸಿಕೊಳ್ಳುವ ತರುಣ ತರುಣಿಯರು ಇಂದು ನಮ್ಮಲ್ಲಿ ಬಹುಮಂದಿ. ಕಟ್ಟಡ, ರಸ್ತೆ, ರೈಲುಮಾರ್ಗ, ಔಷಧ, ಕಂಪ್ಯೂಟರ್ ತಂತ್ರಾಂಶ—ಯಾವ ಕ್ಷೇತ್ರವಾದರೂ ಸರಿ, ಅವರೆಲ್ಲರೂ ಮೊದಲು ದಾಟಬೇಕಾದ ಹೊಸ್ತಿಲು ಒಂದೇ: ತಮ್ಮನ್ನು ಕುರಿತು ತಾವೇ ಬರೆದುಕೊಳ್ಳಬೇಕಾದ ಒಂದೆರಡು ಪುಟ. ಅದನ್ನು ಫ್ರೆಂಚರ ಮಾತಿನಲ್ಲಿ ರೆಸ್ಯೂಮೆ ಎನ್ನುತ್ತಾರೆ, ಅಂದರೆ ಸಾರಾಂಶ. ಲ್ಯಾಟಿನ್ನಿನ ಕರಿಕ್ಯುಲಮ್ ವೀಟೆ ಎಂದರೆ ಬಾಳಿನ ಓಟ. ನಮ್ಮ ಕಡೆ ಬಹುಕಾಲದಿಂದ ರೂಢಿಯಲ್ಲಿರುವ ಬಯೋಡೇಟಾ ಎಂಬ ಮಾತಿಗೆ ವಧೂವರರ ಜಾತಕದ ವಾಸನೆ ಇನ್ನೂ ಹೋಗಿಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತ ಕಳೆದ ವರ್ಷಗಳಲ್ಲಿ ಇಂಥ ಪುಟಗಳನ್ನು ನಾನು ರಾಶಿರಾಶಿಯಾಗಿ ಓದಿದ್ದೇನೆ. ತಿದ್ದಿಕೊಡಿರೆಂದು ಬಂದವರೊಡನೆ ಕುಳಿತು ಸಂಜೆಗಳನ್ನು ಕಳೆದಿದ್ದೇನೆ. ಅಂಥ ಪುಟಗಳಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಜ್ಞಾನದ ಕೊರತೆಯಲ್ಲ. ತಾನು ಏನನ್ನು ಮಾಡಿದೆನೆಂಬುದನ್ನು ಉಬ್ಬಿಸದೆ, ಅಡಗಿಸದೆ ಹೇಳುವ ಮಾತು ನಮ್ಮ ಮಕ್ಕಳ ನಾಲಗೆಗೆ ಬಾರದು.

ಇದು ಅವರ ತಪ್ಪಲ್ಲ. ಆತ್ಮಸ್ತುತಿಯನ್ನು ಆತ್ಮಹತ್ಯೆಗೆ ಸಮವೆಂದ ನಾಡು ನಮ್ಮದು. ಕರ್ಣಪರ್ವದ ಪ್ರಸಂಗವನ್ನು ಓದುಗರು ಬಲ್ಲರು. ಗಾಂಡೀವವನ್ನು ಜರೆದನೆಂದು ಅಣ್ಣನ ಮೇಲೆ ಖಡ್ಗವೆತ್ತಿದ ಅರ್ಜುನ, ಆ ಪಾಪಕ್ಕಾಗಿ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ ಕೃಷ್ಣನು ಸೂಚಿಸಿದ ಉಪಾಯ ಇಷ್ಟೇ: ನಿನ್ನನ್ನು ನೀನೇ ಹೊಗಳಿಕೋ, ಸತ್ತಂತೆಯೇ ಆಯಿತು. ಇಂಥ ಕಥೆಗಳನ್ನು ಕೇಳಿ ಬೆಳೆದ ಹುಡುಗನೊಬ್ಬ “ನಾನು ಸಾಧಿಸಿದೆ” ಎಂದು ಬರೆಯಬೇಕಾದಾಗ ಲೇಖನಿ ತಡವರಿಸಿದರೆ ಆಶ್ಚರ್ಯವೇನು? ಇನ್ನೊಂದು ಕಡೆ ವಿರಾಟಪರ್ವದ ಉತ್ತರಕುಮಾರನಿದ್ದಾನೆ. ಅಂತಃಪುರದ ಹೆಂಗಳೆಯರ ನಡುವೆ ಅವನು ಆಡಿದ ಪೌರುಷದ ಮಾತುಗಳಿಗೆ ಸಾಟಿಯಿಲ್ಲ. ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದುದಕ್ಕೂ ಸಾಟಿಯಿಲ್ಲ. ನಾನು ಓದಿದ ಪುಟಗಳಲ್ಲಿ ಹೆಚ್ಚಿನವು ಈ ಎರಡು ಪಂಗಡಗಳಿಗೆ ಸೇರಿದವು. ಕೆಲವರು ಬೃಹನ್ನಳೆಯಂತೆ ತಮ್ಮ ಬಿಲ್ಲನ್ನು ಬನ್ನಿಯ ಮರಕ್ಕೆ ಕಟ್ಟಿ ಬಂದಿರುತ್ತಾರೆ. ಉಳಿದವರು ಒಲೆಯ ಮುಂದಿನ ಉತ್ತರರು. “ಫಲಿತಾಂಶಕ್ಕಾಗಿ ತುಡಿಯುವ, ಕ್ರಿಯಾಶೀಲ, ನಾಯಕತ್ವ ಗುಣವುಳ್ಳ ವೃತ್ತಿಪರ” ಎಂದು ಮೊದಲ ಸಾಲಿನಲ್ಲಿಯೇ ಶಂಖ ಊದುತ್ತಾರೆ. ಆ ಸಾಲನ್ನು ಯಾರ ಹೆಸರಿನ ಕೆಳಗಾದರೂ ಇಡಬಹುದು. ಆದುದರಿಂದಲೇ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಯೋಜನೆಯ ನಿರ್ವಾಹಕನಿಗೆ ಈ ಕಷ್ಟ ಇಮ್ಮಡಿಯಾದುದು. ಬಡಗಿ ತಾನು ಮಾಡಿದ ಬಾಗಿಲನ್ನು ತೋರಿಸಬಲ್ಲ. ತಂತ್ರಾಂಶ ಬರೆದವನು ತನ್ನ ಬರಹವನ್ನು ತೋರಿಸಬಲ್ಲ. ನಿರ್ವಾಹಕ ಇಟ್ಟಿಗೆಯನ್ನು ಇಟ್ಟವನಲ್ಲ, ಗಾರೆಯನ್ನು ಕಲಸಿದವನಲ್ಲ. ಅವನ ಕೆಲಸ ಚೆನ್ನಾಗಿ ನಡೆದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ತನ್ನ ಹೆಸರಿನಿಂದ ಪ್ರಸಿದ್ಧವಾದ ಪಟ್ಟಿಯನ್ನು ರೂಢಿಗೆ ತಂದಾಗ, ಯಾವ ಕೆಲಸ ಎಂದು ಮೊದಲಾಗಿ ಎಂದು ಮುಗಿಯಬೇಕೆಂಬುದು ಗೆರೆಗಳಲ್ಲಿ ಕಣ್ಣಿಗೆ ಕಾಣುವಂತಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಪೋಲಾರಿಸ್ ಕ್ಷಿಪಣಿಯ ಯೋಜನೆಯಿಂದ ಪರ್ಟ್ ಎಂಬ ಲೆಕ್ಕಾಚಾರದ ವಿಧಾನವೂ, ಡ್ಯುಪಾಂಟ್ ಕಂಪನಿಯ ಕಾರ್ಖಾನೆಗಳಿಂದ ನಿರ್ಣಾಯಕ ಪಥದ ವಿಧಾನವೂ ಬಂದವು. 1969ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಈ ಎಲ್ಲ ಉಪಕರಣಗಳು ಕೆಲಸವನ್ನು ಕಾಣುವಂತೆ ಮಾಡಿದವೇ ಹೊರತು, ಕೆಲಸ ಮಾಡಿಸಿದವನನ್ನು ಕಾಣುವಂತೆ ಮಾಡಲಿಲ್ಲ. ಅದನ್ನು ಅವನೇ ಮಾಡಿಕೊಳ್ಳಬೇಕು.

ಅದಕ್ಕೆ ಬೇಕಾದ ಕ್ರಿಯಾಪದ ನಮ್ಮ ಭಾಷೆಯಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಕೊರೆದು ನಿಂತಿದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ಆ ಮಹಾಮೂರ್ತಿಯ ನಿರ್ಮಾಣವನ್ನು ಕುರಿತ ಕನ್ನಡದ ಸಾಲಿನಲ್ಲಿ ಇರುವುದು ಮೂರೇ ಮಾತು: “ಶ್ರೀ ಚಾವುಂಡರಾಜಂ ಮಾಡಿಸಿದಂ”. ಬೆಟ್ಟದ ತುದಿಯ ಬಂಡೆಯಿಂದ ಐವತ್ತೇಳು ಅಡಿಗೂ ಎತ್ತರದ ಪ್ರತಿಮೆಯನ್ನು ಹೊರತೆಗೆಸಿದ ಗಂಗರ ಮಂತ್ರಿ ತಾನು ‘ಮಾಡಿದೆ’ನೆಂದು ಹೇಳಿಕೊಳ್ಳಲಿಲ್ಲ. ‘ಆಯಿತು’ ಎಂದು ಮರೆಯಲ್ಲಿಯೂ ನಿಲ್ಲಲಿಲ್ಲ. ‘ಮಾಡಿಸಿದಂ’ ಎಂಬ ಪ್ರೇರಣಾರ್ಥಕದಲ್ಲಿ ಅವನ ಪಾಲೂ ಇದೆ, ಉಳಿ ಹಿಡಿದವರ ಪಾಲಿಗೆ ಎಡೆಯೂ ಇದೆ. ಉಳಿ ಹಿಡಿದವರೂ ನಮ್ಮಲ್ಲಿ ಮೂಕರಾಗಿ ಉಳಿದಿಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರನ್ನು ಕೊರೆದಿದ್ದಾನೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೊರೆದಿದ್ದಾನೆ. ಮಾಡಿದವನು ಮಾಡಿದೆನೆಂದೂ ಮಾಡಿಸಿದವನು ಮಾಡಿಸಿದೆನೆಂದೂ ಹೇಳುವುದರಲ್ಲಿ ಹೆಮ್ಮೆಯಿದೆಯೇ ಹೊರತು ಜಂಬವಿಲ್ಲ. ಈ ಎರಡರ ಗಡಿಯನ್ನು ಅಳಿಸಿದಾಗ ಮಾತ್ರ ಅಸತ್ಯ ಒಳಗೆ ನುಗ್ಗುತ್ತದೆ.

ಹಾಗಾದರೆ ಮಾಡಿಸಿದ್ದನ್ನು ಹೇಳುವ ಬಗೆ ಹೇಗೆ? ನನ್ನಲ್ಲಿಗೆ ಬಂದವರಿಗೆ ನಾನು ನಾಲ್ಕು ಪ್ರಶ್ನೆಗಳನ್ನು ಕೇಳುತ್ತೇನೆ. ಕೆಲಸ ಯಾವುದು, ಅದು ಎಷ್ಟು ದೊಡ್ಡದು? ಅದಕ್ಕೆ ಅಡ್ಡ ಬಂದದ್ದು ಏನು? ಆಗ ನೀನು ತೆಗೆದುಕೊಂಡ ತೀರ್ಮಾನ ಯಾವುದು? ಕೊನೆಗೆ ಏನಾಯಿತು? ಈ ನಾಲ್ಕಕ್ಕೂ ಎರಡು ಸಾಲಿನಲ್ಲಿ ಉತ್ತರ ಸಿಕ್ಕಿದರೆ ಆ ಕೆಲಸದ ವಿವರಣೆ ಮುಗಿಯಿತು.

ಒಂದು ಉದಾಹರಣೆ. ಕೊಂಕಣ ರೈಲುಮಾರ್ಗವನ್ನು ತೆಗೆದುಕೊಳ್ಳೋಣ. 1990ರಲ್ಲಿ ಅದಕ್ಕಾಗಿ ಒಂದು ನಿಗಮ ಸ್ಥಾಪಿತವಾಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರಿನ ಆ ಹಾದಿ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆಯಿತು. ರತ್ನಾಗಿರಿಯ ಕಡೆ ಕರಬುಡೆಯಲ್ಲಿ ಆರೂವರೆ ಕಿಲೋಮೀಟರಿನ ಸುರಂಗ. ನಮ್ಮ ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ. ಗೋವೆಯ ಪೆರ್ನೆಮ್ಮಿನಲ್ಲಿ ಅಗೆದಷ್ಟೂ ಕುಸಿದು ಬೀಳುವ ಮೆದುಮಣ್ಣು. ಈಗ ಅಂಥದೊಂದು ಮಾರ್ಗದಲ್ಲಿ ದುಡಿದ ಕಿರಿಯ ಎಂಜಿನಿಯರ್ ಒಬ್ಬನನ್ನು ಕಲ್ಪಿಸಿಕೊಳ್ಳಿ. “ಪ್ರತಿಷ್ಠಿತ ರೈಲು ಯೋಜನೆಯ ಯಶಸ್ವಿ ನಿರ್ವಹಣೆಯಲ್ಲಿ ಮಹತ್ತ್ವದ ಪಾತ್ರ” ಎಂದು ಅವನು ಬರೆದರೆ ಓದುವವನಿಗೆ ತಿಳಿದದ್ದು ಯೋಜನೆಯ ಪ್ರತಿಷ್ಠೆ ಮಾತ್ರ. ಅದರ ಬದಲು ಹೀಗೆ ಬರೆಯಲಿ: “ಒಂದು ಸೇತುವೆಯ ಆರು ಕಂಬಗಳ ಕೆಲಸದ ಹೊಣೆ, 40 ಮಂದಿಯ ತಂಡ. ಮಳೆಗಾಲದಲ್ಲಿ ನದಿಯೊಳಗಿನ ಕೆಲಸ ನಿಲ್ಲುವುದೆಂದು ಮೊದಲೇ ಲೆಕ್ಕ ಹಾಕಿ, ದಡದ ಕೆಲಸಗಳನ್ನು ಆ ತಿಂಗಳುಗಳಿಗೆ ಉಳಿಸಿಕೊಂಡೆ. ತಂಡ ಒಂದು ದಿನವೂ ಬರಿಗೈಯಲ್ಲಿ ಕೂರಲಿಲ್ಲ. ಕಂಬಗಳು ಗೊತ್ತುಪಡಿಸಿದ ತಿಂಗಳಿನಲ್ಲಿಯೇ ಎದ್ದುನಿಂತವು.” ಇಲ್ಲಿ ವಿಶೇಷಣವೊಂದೂ ಇಲ್ಲ. ಆದರೂ ಮನುಷ್ಯ ಕಾಣುತ್ತಾನೆ. ಅವನ ಬುದ್ಧಿ ಓಡಿದ ರೀತಿ ಕಾಣುತ್ತದೆ. ಸಾವಿರಾರು ಕೋಟಿಯ ಯೋಜನೆಯ ನೆರಳಿನಲ್ಲಿ ನಿಲ್ಲುವುದಕ್ಕಿಂತ ಆರು ಕಂಬಗಳ ಬೆಳಕಿನಲ್ಲಿ ನಿಲ್ಲುವುದು ಮೇಲು.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಅಂಕಿಯಿಲ್ಲದ ಸಾಲು ಸೊರಗುತ್ತದೆಂದು ಎಲ್ಲರೂ ಹೇಳುವುದನ್ನು ಕೇಳಿ, “ಕಾರ್ಯದಕ್ಷತೆಯನ್ನು 37 ಪ್ರತಿಶತ ಹೆಚ್ಚಿಸಿದೆ” ಎಂದು ಬರೆದು ತಂದವನೊಬ್ಬನನ್ನು, “ಯಾವುದನ್ನು ಅಳೆದೆ, ಯಾವುದರಿಂದ ಅಳೆದೆ?” ಎಂದು ಕೇಳಿದೆ. ಉತ್ತರವಿರಲಿಲ್ಲ. ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ. ಒಂದು ಅಂಕಿಯನ್ನು ಬರೆಯುವ ಮುನ್ನ ಅದರ ಹಿಂದಿರುವ ಕಡತವನ್ನೋ ಲೆಕ್ಕವನ್ನೋ ಮನಸ್ಸಿನಲ್ಲಿ ತೆರೆದುನೋಡಬೇಕು. ಎಷ್ಟು ಜನರ ತಂಡ, ಎಷ್ಟು ತಿಂಗಳು, ಎಷ್ಟು ಹಣ, ಗೊತ್ತುಪಡಿಸಿದ ದಿನಕ್ಕೂ ಮುಗಿದ ದಿನಕ್ಕೂ ಅಂತರವೆಷ್ಟು—ಇವು ನಿರ್ವಾಹಕನಾದವನಿಗೆ ಗೊತ್ತೇ ಇರುವ ಅಂಕಿಗಳು. ಇವಿಷ್ಟು ಸಾಕು.

ಇನ್ನು ಸೋತ ಕೆಲಸದ ಮಾತು. ಎಲ್ಲ ಯೋಜನೆಗಳೂ ಗೆಲ್ಲುವುದಿಲ್ಲ. ಹಣ ಕೊಡುವವರು ನಡುವೆ ಕೈಬಿಡುತ್ತಾರೆ, ಕಾನೂನು ಬದಲಾಗುತ್ತದೆ, ಮಾಡಲು ಹೊರಟದ್ದು ಬೇಕಾಗಿಯೇ ಇರಲಿಲ್ಲವೆಂದು ಕೊನೆಗೆ ತಿಳಿಯುತ್ತದೆ. ಏಳು ವರ್ಷ ದುಡಿದ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪುಟವನ್ನು ತಂದಾಗ ಅದರಲ್ಲಿ ಎರಡು ವರ್ಷ ಬರಿದಾಗಿದ್ದವು. ಕೇಳಿದರೆ, “ಆ ಯೋಜನೆ ನಿಂತುಹೋಯಿತು, ಸಾರ್, ಹೇಳಿಕೊಳ್ಳುವುದೇನಿದೆ?” ಎಂದಳು. ಮಾತನಾಡುತ್ತ ಹೋದಂತೆ ಹೊರಬಂದ ಸಂಗತಿಯೇ ಬೇರೆ. ಕೆಲಸ ಗುರಿ ಮುಟ್ಟಲಾರದೆಂಬುದನ್ನು ಲೆಕ್ಕಸಹಿತ ಮೊದಲು ಮೇಲಿನವರಿಗೆ ತಿಳಿಸಿದವಳು ಅವಳೇ. ನಿಲ್ಲಿಸುವ ತೀರ್ಮಾನವಾದ ಮೇಲೆ ತನ್ನ ತಂಡದ ಹನ್ನೊಂದು ಮಂದಿಗೂ ಬೇರೆ ವಿಭಾಗಗಳಲ್ಲಿ ಸ್ಥಳ ದೊರಕಿಸಿಕೊಟ್ಟು, ಅರ್ಧಕ್ಕೆ ನಿಂತ ಕೆಲಸದ ಕಾಗದಪತ್ರಗಳನ್ನು ಮುಂದಿನವರಿಗೆ ಉಪಯೋಗವಾಗುವಂತೆ ಜೋಡಿಸಿಟ್ಟವಳೂ ಅವಳೇ. ನಿಲ್ಲಬೇಕಾದ ಕೆಲಸವನ್ನು ಸಕಾಲದಲ್ಲಿ ನಿಲ್ಲಿಸುವುದಕ್ಕಿಂತ ಕಠಿಣವಾದ ನಿರ್ವಹಣೆ ಯಾವುದಿದೆ? ಅವಳು ಆ ಎರಡು ವರ್ಷಗಳನ್ನು ಮೂರು ಸಾಲಿನಲ್ಲಿ ಬರೆದಳು. “ನಿಂತುಹೋಯಿತು” ಎಂಬ ಮಾತನ್ನು ಅವಳು ಅಳಿಸಲಿಲ್ಲ. ಯಾಕೆ ನಿಂತಿತು, ಹೇಗೆ ನಿಲ್ಲಿಸಲಾಯಿತು ಎಂಬುದನ್ನು ಸೇರಿಸಿದಳು. ಆ ಮೂರು ಸಾಲು ಪುಟದ ಉಳಿದ ಭಾಗಕ್ಕೂ ಬೆನ್ನೆಲುಬಾಯಿತೆಂದು ನನಗೆ ಅನ್ನಿಸಿತು. ಸೋಲನ್ನು ಸೋಲೆಂದೇ ಹೇಳಿದವಳ ಗೆಲುವಿನ ಮಾತನ್ನು ಓದುವವನು ನಂಬುತ್ತಾನೆ.

ಕೆಲಸಕ್ಕೆ ಇನ್ನೂ ಸೇರದ ವಿದ್ಯಾರ್ಥಿಗಳ ಗೋಳು ಬೇರೆ. “ನಮ್ಮ ಬಳಿ ಬರೆಯುವುದಕ್ಕೆ ಏನಿದೆ?” ಎಂದು ಅವರು ಕೇಳುತ್ತಾರೆ. ಊರಿನ ಕೆರೆಯ ಹೂಳೆತ್ತುವ ಕೆಲಸದಲ್ಲಿ ಇಪ್ಪತ್ತು ದಿನ ಟ್ರ್ಯಾಕ್ಟರುಗಳ ಸರದಿಯನ್ನು ಗೊತ್ತುಮಾಡಿ, ಡೀಸೆಲ್ಲಿನ ಲೆಕ್ಕವಿಟ್ಟು, ಯಾರ ಹೊಲಕ್ಕೆ ಎಷ್ಟು ಗಾಡಿ ಮಣ್ಣು ಎಂಬ ಜಗಳವನ್ನು ಬಿಡಿಸಿದ ಹುಡುಗನೊಬ್ಬ ಅದನ್ನು ‘ಹವ್ಯಾಸಗಳು’ ಎಂಬ ತಲೆಬರಹದ ಕೆಳಗೆ, ಕ್ರಿಕೆಟ್ಟಿನ ಪಕ್ಕದಲ್ಲಿ, ‘ಸಮಾಜಸೇವೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದ. ಕಾಲ, ಹಣ, ಜನ, ಅಡ್ಡಿ, ತೀರ್ಮಾನ, ಫಲ—ಶಾಸ್ತ್ರ ಕೇಳುವುದೆಲ್ಲವೂ ಆ ಕೆರೆಯಲ್ಲಿತ್ತು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಕಾಲೇಜಿನ ನಾಟಕ, ಅಕ್ಕನ ಮದುವೆಯ ಅಡುಗೆಯ ಉಸ್ತುವಾರಿ—ಇವು ದೊಡ್ಡ ಹುದ್ದೆಗೆ ಸಾಲದಿರಬಹುದು. ಮೊದಲ ಹುದ್ದೆಗೆ, ಅದರಲ್ಲಿಯೂ ಯೋಜನೆಯ ಸಹಾಯಕನ ಹುದ್ದೆಗೆ, ಇವಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಬೇಕಾಗಿಲ್ಲ.

ಯಾವ ಹುದ್ದೆಗೆ ಯಾವುದನ್ನು ಮುಂದಿಡಬೇಕೆಂಬ ವಿವೇಕಕ್ಕೆ ಪ್ರಸಿದ್ಧವಾದ ನಿದರ್ಶನ ಇಟಲಿಯಲ್ಲಿದೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಬರೆಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಹಗುರವಾದ ಸೇತುವೆಗಳು, ಕಂದಕದ ನೀರು ಬಸಿಯುವ ಉಪಾಯ, ಫಿರಂಗಿಗಳು, ಮುಚ್ಚಿದ ಯುದ್ಧರಥಗಳು ಎಂದು ಒಂದೊಂದನ್ನಾಗಿ ಎಣಿಸಿ, ಶಾಂತಿಯ ಕಾಲದ ಕಟ್ಟಡ ನೀರಾವರಿಗಳನ್ನು ಅನಂತರ ಹೇಳಿ, ತನ್ನ ಶಿಲ್ಪವನ್ನೂ ಚಿತ್ರಕಲೆಯನ್ನೂ ಅವನು ಕೊನೆಗೆ ತಂದಿರಿಸುತ್ತಾನೆ. ಜಗತ್ತು ಅವನನ್ನು ನೆನೆಯುವುದು ಯಾವುದಕ್ಕಾಗಿಯೋ ಅದೇ ಕೊನೆಯ ಸಾಲು! ಯುದ್ಧದ ಭಯದಲ್ಲಿದ್ದ ದೊರೆಗೆ ಬೇಕಾದದ್ದು ಚಿತ್ರವಲ್ಲವೆಂಬುದನ್ನು ಅವನು ಬಲ್ಲ. ನಂಬಿಕೆಯಿಲ್ಲದಿದ್ದರೆ ನಿಮ್ಮ ಉದ್ಯಾನದಲ್ಲಿಯೇ ಮಾಡಿ ತೋರಿಸುವೆನೆಂದು ಮುಗಿಸುತ್ತಾನೆ. ಕೇಳುವವನ ಅವಶ್ಯಕತೆಯಿಂದ ಮೊದಲಾಗಿ, ಪರೀಕ್ಷೆಗೆ ಒಡ್ಡಿಕೊಳ್ಳುವ ಧೈರ್ಯದಲ್ಲಿ ಕೊನೆಗೊಳ್ಳುವ ಈ ಕ್ರಮ ಇಂದಿಗೂ ಸಲ್ಲುತ್ತದೆ. ಆದರೆ ಕಥೆಯ ಉತ್ತರಾರ್ಧವನ್ನೂ ಮರೆಯಬಾರದು. ಆ ಪತ್ರದಲ್ಲಿಯೇ ಮಾತು ಕೊಟ್ಟ ಕಂಚಿನ ಕುದುರೆ ಎರಕಗೊಳ್ಳಲಿಲ್ಲ. 1493ರಲ್ಲಿ ಅದರ ಮಣ್ಣಿನ ಮಾದರಿ ಸಿದ್ಧವಾಯಿತು. ಮರುವರ್ಷ ಕಂಚು ಫಿರಂಗಿಗೆ ಹೋಯಿತು. 1499ರಲ್ಲಿ ಮಿಲಾನನ್ನು ಹಿಡಿದ ಫ್ರೆಂಚ್ ಬಿಲ್ಲುಗಾರರಿಗೆ ಆ ಮಾದರಿ ಗುರಿಹಲಗೆಯಾಯಿತು. ಪ್ರತಿಭೆಯೂ ಪತ್ರವೂ ಎಷ್ಟೇ ದೊಡ್ಡವಾಗಿರಲಿ, ಯೋಜನೆಯ ಹಣೆಬರಹ ನಿರ್ವಾಹಕನೊಬ್ಬನ ಕೈಯಲ್ಲಿ ಮಾತ್ರ ಇರುವುದಿಲ್ಲ.

ಹೊರರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸಬರಿಗೆ ಒಂದು ಪುಟ, ಅನುಭವಿಗಳಿಗೆ ಎರಡು ಸಾಕು. ಮೇಲೆ ಹೆಸರು, ಊರು, ದೂರವಾಣಿ, ಅಂಚೆಯ ವಿಳಾಸದ ಬದಲು ಇ-ಮೇಲ್; ಅದರ ಕೆಳಗೆ ತಾನು ಯಾರು, ಯಾವ ಬಗೆಯ ಕೆಲಸಗಳನ್ನು ನಡೆಸಿದವನು ಎಂಬ ಮೂರು ಸಾಲು; ಅನಂತರ ಇತ್ತೀಚಿನ ಕೆಲಸ ಮೊದಲಾಗಿ ಹಿಂದಕ್ಕೆ ಹೋಗುವ ಅನುಭವದ ವಿವರ; ಕೊನೆಗೆ ವಿದ್ಯೆ ಮತ್ತು ಪ್ರಮಾಣಪತ್ರಗಳು. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮನುಷ್ಯರಿಗಿಂತ ಮೊದಲು ಕಂಪ್ಯೂಟರು ಜಾಲಿಸುವುದು ಈಗ ಸಾಮಾನ್ಯವಾಗಿದೆ. ಆದುದರಿಂದ ಬಣ್ಣದ ಚೌಕಟ್ಟು, ಪಕ್ಕಪಕ್ಕದ ಅಂಕಣ, ಚಿತ್ರದೊಳಗಿನ ಅಕ್ಷರ ಇವುಗಳ ಗೊಡವೆಗೆ ಹೋಗಬಾರದು. ಯಂತ್ರ ಅವನ್ನು ತಪ್ಪಾಗಿ ಓದಬಹುದು. ಪ್ರಕಟಣೆಯಲ್ಲಿ ಕೇಳಿದ ಕೌಶಲ ತನ್ನಲ್ಲಿ ನಿಜವಾಗಿ ಇದ್ದರೆ, ಅಲ್ಲಿ ಬಳಸಿದ ಪದದಿಂದಲೇ ಅದನ್ನು ಹೆಸರಿಸಬೇಕು. ತಂದೆಯ ಹೆಸರು, ಜಾತಿ, ಮದುವೆಯಾಗಿದೆಯೇ ಇಲ್ಲವೇ—ಇವು ಜಾತಕದ ಕಾಲದ ಉಳಿಕೆಗಳು. ಸರ್ಕಾರಿ ಅರ್ಜಿಯ ನಮೂನೆ ಕೇಳಿದಾಗ ಬರೆಯಲಿ. ಕಂಪನಿಯ ಹುದ್ದೆಗೆ ಇವುಗಳ ಅಗತ್ಯವಿಲ್ಲ. ಪಿ.ಎಂ.ಪಿ.ಯಂಥ ಪ್ರಮಾಣಪತ್ರಗಳಿಗೆ ಬೆಲೆಯುಂಟು. ಅದು ಪರೀಕ್ಷೆಯೊಡನೆ ಅನುಭವವನ್ನೂ ಕೇಳುತ್ತದೆ. ಓದುತ್ತಿದ್ದರೆ ‘ಓದುತ್ತಿದ್ದೇನೆ’ ಎನ್ನಬೇಕು, ಪಡೆದಂತೆ ಬರೆಯಬಾರದು.

ಭಾಷೆಯ ವಿಷಯದಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಕಿವಿಮಾತು. ಈ ಪುಟವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗುತ್ತದೆ. ಆಗ ಯಾರದೋ ಪುಟದಿಂದ ಎರವಲು ತಂದ ಭಾರಿ ಮಾತುಗಳನ್ನು ಜೋಡಿಸುವ ಬದಲು, ನಡೆದದ್ದನ್ನು ಮೊದಲು ಕನ್ನಡದಲ್ಲಿ, ಮನೆಯವರಿಗೆ ಹೇಳುವಂತೆ, ಬರೆದುಕೊಳ್ಳಿ. “ಗುತ್ತಿಗೆದಾರ ಬಿಟ್ಟುಹೋದ; ಹೊಸಬನನ್ನು ಒಂಬತ್ತು ದಿನದಲ್ಲಿ ಗೊತ್ತುಮಾಡಿದೆ” ಎಂಬ ವಾಕ್ಯಕ್ಕೆ ಯಾವ ಭಾಷೆಯಲ್ಲಿಯೂ ಅಲಂಕಾರ ಬೇಕಿಲ್ಲ. ಕನ್ನಡದ ಕ್ರಿಯಾಪದ ತನ್ನ ಕರ್ತೃವನ್ನು ಬಾಲದಲ್ಲಿಯೇ ಹೊತ್ತಿರುತ್ತದೆ: ಮಾಡಿದೆ, ಮಾಡಿದೆವು, ಮಾಡಿಸಿದೆ. ‘ನಾನು’ ಎಲ್ಲಿ, ‘ನಾವು’ ಎಲ್ಲಿ ಎಂಬುದನ್ನು ಆ ಪ್ರತ್ಯಯಗಳೇ ಕೇಳಿ ತಿಳಿಸುತ್ತವೆ. ಆ ವಿವೇಚನೆ ಆದ ಮೇಲೆ ಇಂಗ್ಲಿಷಿಗೆ ತರುವುದು ಕಷ್ಟವಲ್ಲ.

ಇಷ್ಟೆಲ್ಲ ಯಾಕೆ, ಒಂದು ಕೆಲಸಕ್ಕಾಗಿ ಬರೆಯುವ ಕಾಗದವಲ್ಲವೇ ಎಂದು ಯಾರಾದರೂ ಕೇಳಬಹುದು. ಮನೆಗೆ ಮೊದಲ ಸಂಬಳ ತರಬೇಕಾದ ಹುಡುಗನಿಗೆ ಅದು ಬರಿಯ ಕಾಗದವಲ್ಲ. ಅದನ್ನು ನಂಬಿ ಜನರನ್ನೂ ಹಣವನ್ನೂ ಅವನ ಕೈಗೆ ಒಪ್ಪಿಸುವವರಿಗೂ ಅದು ಬರಿಯ ಕಾಗದವಲ್ಲ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆದವನು ನಾಳೆ ಮುಗಿಯದ ಕೆಲಸವನ್ನು ಮುಗಿಯಿತೆಂದು ವರದಿ ಕಳುಹಿಸಿದರೆ ಸೇತುವೆಯ ಮೇಲೆ ಹೋಗುವವರ ಗತಿಯೇನು? ತನ್ನ ಕೆಲಸವನ್ನು ಅಡಗಿಸಿಟ್ಟವನ ಸ್ಥಾನಕ್ಕೆ ಅಂಥವನೇ ಬಂದು ಕೂರುತ್ತಾನೆಂಬುದನ್ನು ವಿನಯಶೀಲರೂ ನೆನೆಯಬೇಕು.

ಉತ್ತರಕುಮಾರನ ಕಥೆಯನ್ನು ನಾವು ಒಲೆಯ ಮುಂದೆಯೇ ನಿಲ್ಲಿಸಿಬಿಡುತ್ತೇವೆ. ಅದು ಅವನಿಗೆ ಮಾಡಿದ ಅನ್ಯಾಯ. ಗೋವುಗಳನ್ನು ಬಿಡಿಸಿಕೊಂಡು ಮರಳಿದಾಗ ಊರೆಲ್ಲ ಅವನ ಜಯಕಾರ ಮಾಡುತ್ತಿತ್ತು; ತಂದೆ ಸಭೆಯಲ್ಲಿ ಹಿಗ್ಗುತ್ತಿದ್ದ. ಕೀರ್ತಿಯನ್ನು ನೀನೇ ಇಟ್ಟುಕೋ ಎಂದು ಅರ್ಜುನನೂ ಹೇಳಿದ್ದ. ಆಗ ಆ ಹುಡುಗ, ಗೆದ್ದವನು ನಾನಲ್ಲ, ದೇವಪುತ್ರನೊಬ್ಬನೆಂದು ತುಂಬಿದ ಸಭೆಯಲ್ಲಿ ಹೇಳಿದ. ಯುದ್ಧದಲ್ಲಿ ಅವನದೂ ಒಂದು ಪಾಲಿತ್ತು: ಓಡಿದವನು ಮರಳಿ ಬಂದು ಕುದುರೆಗಳ ಹಗ್ಗ ಹಿಡಿದು, ಬಾಣಗಳ ಮಳೆಯಲ್ಲಿ ರಥವನ್ನು ನಡೆಸಿದವನು ಅವನೇ. ಅವನಿಂದ ಯಾರಾದರೂ ಅಂದು ಒಂದು ಪುಟ ಬರೆಸಿದ್ದರೆ, “ರಥ ನಡೆಸಿದೆ” ಎಂಬ ಎರಡು ಮಾತು ಸಾಕಾಗುತ್ತಿತ್ತು.